ಕಣ್ಣು ಬರೆಯದ ಚಿತ್ರ

ಈ ಕತೆಯನ್ನು ನಮ್ಮ ಮನೆಗೆ ತಂದವರು ಸೋದರತ್ತೆ ಸಾಕಮ್ಮನವರು. ರಾಗಿ ಬೀಸುತ್ತಾ ಹೇಳುತ್ತಿದ್ದರು. ಅವರು ಹೇಳಿದಂತೆಯೇ ಬರೆಯುತ್ತೇನೆ.

ಬಹಳ ಹಿಂದೆ ಚಿತ್ರಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಗೋಡೆಗಳ ಮೇಲೆ ಚೌಕ ಚೌಕವಾಗಿ ಚಿತ್ರಗಳಲ್ಲೇ ಕತೆ ಬರೆಯುತ್ತಿದ್ದರು. ಚಿತ್ರಗಾರ ಮಿಂದು, ದೀಪ ಹಚ್ಚಿ, ಕಟ್ಟಕಡೆಗೆ ಕಣ್ಣು ಬರೆದನೆಂದರೆ ಚಿತ್ರಕ್ಕೆ ಜೀವ ಬರುತ್ತಿತ್ತು.

ಆ ರಾಜ್ಯಕ್ಕೆ ಕೆಂಡಮುಖನೆಂಬ ಮಾಂತ್ರಿಕ ಬಂದ. ಕಾದಾಟವೇ ಅವನ ಆಹಾರ. ಅಂದಿನಿಂದ ಏನೇ ಬರೆದರೂ, ಕಣ್ಣು ಬರೆದ ಗಳಿಗೆಯಲ್ಲೇ ಅವನ ಮಂತ್ರ ಆ ಕಣ್ಣಿನಿಂದ ಒಳಹೊಕ್ಕು, ಅದು ಯುದ್ಧದ ಕತೆಯಾಗುತ್ತಿತ್ತು. ಗೋಡೆ ಗೋಡೆಯಲ್ಲೂ ಕತ್ತಿಯ ಖಣಖಣ. ಮಲಗಿದವರು ಮಗ್ಗುಲು ಬದಲಿಸುವರು, ಎದ್ದು ಕೂರುವರು, ನೀರು ಕುಡಿದು ಮತ್ತೆ ಮಲಗುವರು. ನಿದ್ದೆ ಮಾತ್ರ ಬಾರದು.

ಚಿತ್ರಗಾರ ಮುದ್ದರಂಗನ ಪುಟ್ಟ ತಂಗಿ ಹೊನ್ನಿ ಸೊರಗಿ ಕಡ್ಡಿಯಾದಳು. "ನಿದ್ದೆ ಬಾರದಿದ್ರೆ ಮಗು ಉಳಿಯೋಲ್ಲಪ್ಪ" ಎಂದರು ವೈದ್ಯರು.

"ಅಣ್ಣಯ್ಯ, ಯಾರೂ ಹೊಡೆದಾಡದ ಒಂದು ಕತೆ ಬರಿ" ಎಂದಳು ಹೊನ್ನಿ.

ಮುದ್ದರಂಗ ಮಾಂತ್ರಿಕನ ಬಳಿ ಹೋದ. ಮಾಂತ್ರಿಕ ಮಾತಾಡುವ ಹುಲಿಯ ಮೇಲೆ ಕುಳಿತಿದ್ದ.

"ಜನ ಬೇರೆ ಕತೆ ಕೇಳ್ತಿದಾರೆ ಸ್ವಾಮಿ. ಮುದುಕಿಯರಿಗೆ ಸಂಸಾರದ ಕತೆ ಬೇಕು, ಮಕ್ಕಳಿಗೆ ನಗೋ ಕತೆ."

"ಸಂಸಾರದಲ್ಲಿ ನೋಡೋಕೇನಿದೆಯೋ? ಸಾರು ಕುದಿಯೋದಾ?" ಎಂದಿತು ಹುಲಿ.

"ಕುದಿಯೋದೂ ಇದೆ, ಉಕ್ಕೋದೂ ಇದೆ. ಹಸಿ ಮಾಂಸ ತಿನ್ನೋ ನಿನಗೇನು ಗೊತ್ತು."

ಮಾಂತ್ರಿಕ ನಕ್ಕ. "ಮೂರು ಗೋಡೆ ಕೊಡ್ತೀನಿ. ಒಂದರಲ್ಲಾದರೂ ಯುದ್ಧವಿಲ್ಲದ ಕತೆ ನಿಲ್ಲಿಸಿದರೆ ಗೆದ್ದೆ. ಸೋತರೆ ನೀನೂ ಚಿತ್ರದೊಳಗಿನ ಕಾಲಾಳು."

ಮೊದಲ ಗೋಡೆಯಲ್ಲಿ ಮದುವೆ ಮನೆ ಬರೆದ. ಕಣ್ಣು ಬರೆದದ್ದೇ ಮದುಮಗ ಹಾರ ಕಿತ್ತೆಸೆದು ಕತ್ತಿ ಹಿರಿದ. ಎರಡನೆಯದರಲ್ಲಿ ಬಾವಿಕಟ್ಟೆ ಬರೆದ. ಕಣ್ಣು ಬರೆದದ್ದೇ ನಗುತ್ತಿದ್ದ ಹೆಂಗಸರು ಬಿಂದಿಗೆ ಬಿಸುಟು ಈಟಿ ಹಿಡಿದರು.

"ಇನ್ನೊಂದೇ ಗೋಡೆ, ಕಾಲಾಳು" ಎಂದಿತು ಹುಲಿ.

ಮುದ್ದರಂಗ ಮನೆಗೆ ಬಂದ. ಹೊನ್ನಿಯ ಕಣ್ಣು ಕೆಂಪಾಗಿ ತೆರೆದೇ ಇತ್ತು. ದೇವರ ದೀಪದ ಮುಂದೆ ಕೈಮುಗಿದ. "ಇವಳು ಒಂದು ಸಲ ಕಣ್ಣು ಮುಚ್ಚಿ ಮಲಗಿದ್ದನ್ನು ನೋಡಿದರೆ ಸಾಕು ತಂದೆ." ಹಾಗೆನ್ನುತ್ತಲೇ ಅವನಿಗೆ ಮುಂದಿನ ದಾರಿ ಕಂಡಿತು. ತಂಗಿಯನ್ನು ಹೆಗಲಿಗೇರಿಸಿಕೊಂಡು ಮೂರನೆಯ ಗೋಡೆಗೆ ಹೋದ.

ಚಾಪೆಯ ಮೇಲೆ ತಾಯಿ, ಮಗ್ಗುಲಲ್ಲಿ ಕೂಸು, ಒಲೆಯ ಬಳಿ ಬೆಕ್ಕು ಬರೆದ. ಎಲ್ಲರಿಗೂ ಮುಚ್ಚಿದ ರೆಪ್ಪೆಯ ಒಂದೊಂದು ಗೆರೆ ಎಳೆದು ಕುಂಚ ಕೆಳಗಿಟ್ಟ.

"ಕಣ್ಣು ಬರಿ" ಎಂದ, ಹುಲಿಯೊಡನೆ ಅಲ್ಲೇ ಕಾದಿದ್ದ ಮಾಂತ್ರಿಕ.

"ಬರೆದಾಯ್ತು ಸ್ವಾಮಿ. ಮಲಗಿದಾರೆ, ಮೆಲ್ಲಗೆ ಮಾತಾಡಿ."

ಮಂತ್ರ ಕಣ್ಣಿಗಾಗಿ ಹುಡುಕಿತು. ಒಳಹೋಗಲು ದಾರಿಯಿರಲಿಲ್ಲ. ಕೂಸಿನ ಹೊಟ್ಟೆ ಮೆಲ್ಲಗೆ ಏರಿ ಇಳಿಯಿತು. ನಿದ್ದೆಯಲ್ಲೇ ಅದು ಆಕಳಿಸಿತು. ಪಕ್ಕದ ಗೋಡೆಯ ಸೈನಿಕ ಕತ್ತಿಯೂರಿ ಆಕಳಿಸಿದ. ಚೌಕದಿಂದ ಚೌಕಕ್ಕೆ ದಾಟಿದ ಆಕಳಿಕೆ ಹುಲಿಗೂ ಬಂತು. ಕೊನೆಗೆ ಕೆಂಡಮುಖ ಬಾಯಿ ತೆರೆದ. ಅವನ ಮಂತ್ರವೆಲ್ಲ ಹೊಗೆಯಾಗಿ ಹೊರಬಿತ್ತು. ಅವನೂ ಹುಲಿಯೂ ಗೋಡೆಗೆ ಜಾರಿ ಚಿತ್ರವಾಗಿ ಮಲಗಿಬಿಟ್ಟರು.

ಮದುಮಗ ಹಾರ ಎತ್ತಿಕೊಂಡ. ಊರವರು ಓಡಿಬಂದರು. ಒಬ್ಬರು ಅತ್ತೆ ಸೊಸೆ ಕತೆ ಎಂದರು, ಇನ್ನೊಬ್ಬರು ದೆವ್ವದ ಕತೆ, ಕುರುಬಜ್ಜನಿಗೆ ಕಳೆದುಹೋದ ಕುರಿ ಸಿಗುವ ಕತೆ. ಮುದ್ದರಂಗ ಎಲ್ಲವನ್ನೂ ಬರೆದ. ಆದರೆ ಅದು ಆಮೇಲಿನ ಮಾತು. ಅಂದು, ಕತೆ ಬರಿ ಎಂದವಳೇ ಕತೆ ನೋಡಲಿಲ್ಲ. ಅಣ್ಣನ ಹೆಗಲ ಮೇಲೆ ಗೊರಕೆ ಹೊಡೆಯುತ್ತಿದ್ದಳು.

ಅವರೆಲ್ಲ ನೆಮ್ಮದಿಯಾಗಿ ಬಾಳಿದರು. ನಿದ್ದೆಗೆ ಹಟಮಾಡುವ ಮಗು ನಿಮ್ಮಲ್ಲಿದ್ದರೆ ದಯವಿಟ್ಟು ಈ ಕತೆ ಹೇಳಿ. ಹೇಳುವಾಗ ಆಕಳಿಕೆಯ ಮಾತನ್ನು ಮಾತ್ರ ಬಿಟ್ಟುಬಿಡಬೇಡಿ.