ನೀರು ಬಂದ ದಿನದ ಸಿಗ್ನಲ್

"ಈಗ ನೋಡ್ರಿ ಮೇಡಮ್, ಬಂತೇನು?"

ಗೋವಿಂದರಾಜ ಪಡಸಾಲೆಯ ಗೂಡಿನಲ್ಲಿದ್ದ ರೌಟರಿನ ಆಂಟೆನಾ ಕಡ್ಡಿಗಳನ್ನು ಅತ್ತಿತ್ತ ಬಾಗಿಸುತ್ತಿದ್ದ. ಎದೆಯೆತ್ತರದ ಅಡ್ಡಗೋಡೆಯ ಆಚೆ ಅನುಸೂಯಾ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತಿದ್ದಳು. ಗೋಡೆಯ ಮೇಲೆ ಆ ಬೆಳಿಗ್ಗೆಯಷ್ಟೇ ತುಂಬಿಟ್ಟ ತಾಮ್ರ, ಹಿತ್ತಾಳೆ, ಸ್ಟೀಲಿನ ಕೊಡಗಳು ಒತ್ತಾಗಿ ನಿಂತಿದ್ದವು. ಎರಡು ಕೊಡಗಳ ಕುತ್ತಿಗೆಯ ನಡುವೆ ಅವನ ಒಂದು ಕಣ್ಣು, ಅರ್ಧ ಮೀಸೆ ಕಾಣುತ್ತಿತ್ತು.

"ಇಲ್ರಿ. ಇನ್ನೂ ಸುತ್ತಾಕತ್ತೈತಿ."

ಯಲಬುರ್ಗಾದ ಆ ಮನೆಗೆ ಇಂಟರ್ನೆಟ್ ಕಂಪನಿಯಿಂದ ಅವನು ಬರುತ್ತಿರುವುದು ಎಷ್ಟನೆಯ ಸಲವೋ. ಬಿ.ಎಸ್ಸಿ. ಮುಗಿಸಿದ ಅನುಸೂಯಾ ಸಂಜೆ ಹೊತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳುತ್ತಿದ್ದಳು. ಲೆಕ್ಕದ ನಡುವೆಯೇ ನೆಟ್ ಹೋಗುತ್ತಿತ್ತು. ಕುಷ್ಟಗಿಯ ಒಬ್ಬ ಹುಡುಗಿ ಕೂಡಲೇ ಮೆಸೇಜ್ ಹಾಕುತ್ತಿದ್ದಳು: "ಮಿಸ್, ನೀವು ಬಾಯಿ ತಗದು ನಿಂತುಬಿಟ್ಟೀರಿ."

ವಿಚಿತ್ರವೆಂದರೆ ನಾಲ್ಕು ದಿನ ಕೆಡುತ್ತಿತ್ತು, ಆಮೇಲೆ ತಾನಾಗಿಯೇ ನೆಟ್ಟಗಾಗುತ್ತಿತ್ತು. ಗೋವಿಂದರಾಜ ವೈರು ಬದಲಿಸಿದ. ಅಡಾಪ್ಟರ್ ಬದಲಿಸಿದ. ಕಡೆಗೆ ರೌಟರನ್ನೇ ಬದಲಿಸಿದ. ಬೇರೆಯವರಾದರೆ ಏನೋ ಒಂದು ಹೇಳಿ ಹೋಗುತ್ತಿದ್ದರು. ಇವನು ನೆಲದ ಮೇಲೆ ಕೂತು ಯೋಚಿಸುತ್ತಿದ್ದ.

"ಅವ್ವಾರ, ಮನ್ಯಾಗ ಮೈಕ್ರೊವೇವ್ ಐತೇನ್ರಿ?" ಎಂದು, ಅದರಿಂದಲೂ ಸಿಗ್ನಲ್ ಕೆಡಬಹುದೆಂದುಕೊಂಡು, ಒಮ್ಮೆ ಅನುಸೂಯಾಳ ತಾಯಿ ಹುಲಗೆಮ್ಮನನ್ನು ಕೇಳಿದ್ದ.

"ಒಲಿ ಐತಿ, ಗ್ಯಾಸ್ ಐತಿ. ಅದೇನು ಹೇಳಪಾ, ಬೇಕಾದ್ರ ತರಸ್ತೀನಿ."

ಅನುಸೂಯಾ ದುಪಟ್ಟಾದಲ್ಲಿ ನಗು ಮುಚ್ಚಿಕೊಂಡಳು. ಅವನಿಗೆ ಅದು ಕಂಡಿತು. ಕಂಡದ್ದು ಅವಳಿಗೂ ತಿಳಿಯಿತು.

ನಿಜಕ್ಕೂ ಅವಳಿಗೆ ಹಿಡಿಸಿದ್ದು ಅವನ ಕುತೂಹಲ. "ಸರಿ ಆದ್ರ ಸಾಲಂಗಿಲ್ರಿ ಮೇಡಮ್, ಯಾಕ ಕೆಡ್ತದ ಅಂತ ಗೊತ್ತಾಗಬೇಕು" ಎನ್ನುತ್ತಿದ್ದ. ಆ 'ಯಾಕ' ಅವಳ ತಲೆಯಲ್ಲೂ ಹೊಕ್ಕಿತ್ತು.

ಉತ್ತರ ಸಿಕ್ಕಿದ್ದು ಮಾತ್ರ ಅವಳಿಗೆ. ಪಕ್ಕದ ಮನೆಯ ಹಸನಬೀ ಮಗನ ಮದುವೆಗೆಂದು ತುಂಬಿದ ಕೊಡಗಳನ್ನೆಲ್ಲ ಒಯ್ದಿದ್ದಳು. ಅಂದು ನೆಟ್ ಎಲ್ಲೂ ನಿಲ್ಲಲಿಲ್ಲ. ಕೊಡಗಳು ಮರಳಿ ಬಂದು, ವಾರಕ್ಕೊಮ್ಮೆ ಬರುವ ನಳದ ನೀರು ಬಂದ ದಿನ ಅವ್ವ ಎಲ್ಲವನ್ನೂ ತುಂಬಿ ಗೋಡೆಯ ಮೇಲೇರಿಸಿದಳು, ಮತ್ತೆ ಕೆಟ್ಟಿತು. ಅವ್ವ ಇಲ್ಲದ ಹೊತ್ತು ನೋಡಿ ಅನುಸೂಯಾ ಒಂದೊಂದೇ ಕೊಡ ಇಳಿಸುತ್ತ ಫೋನಿನ ಸಿಗ್ನಲ್ ಗೆರೆಗಳು ಏರುವುದನ್ನು ನೋಡಿದಳು. ದಿನ ಕಳೆದಂತೆ ಕೊಡಗಳು ಬರಿದಾಗಿ ಅಡುಗೆಮನೆಗೆ ಇಳಿಯುತ್ತಿದ್ದವು, ಸಿಗ್ನಲ್ ದಾರಿ ಬಿಡಿಸಿಕೊಂಡು ಬರುತ್ತಿತ್ತು. ಊರಿನ ಪ್ರತಿ ಮನೆಯಲ್ಲೂ ಇಂಥ ಸಾಲಿರುವುದರಿಂದ ಗೋವಿಂದರಾಜನ ಕಣ್ಣು ಅದರ ಮೇಲೆ ಹರಿದಾಡಿಯೂ ನಿಂತಿರಲಿಲ್ಲ.

ಅವಳು ಕೊಡಗಳನ್ನು ಮತ್ತೆ ಇದ್ದಲ್ಲೇ ಇಟ್ಟಳು. ಯಾರಿಗೂ ಹೇಳಲಿಲ್ಲ.

ಇವತ್ತು ಹುಲಗೆಮ್ಮ ಚಹಾಕ್ಕೆ ಹಾಲು ತರಲು ಹೊರಟವಳು ಹೊಸ್ತಿಲಲ್ಲಿ ನಿಂತು, "ನೀ ಬರೋದು ನೋಡಿದ್ರ, ನಿನಗೊಂದು ತಾಟು ಬ್ಯಾರೆ ತಗೀಬೇಕಾಗೇತಿ" ಎಂದು ಹೋದಳು.

ಗೋವಿಂದರಾಜ ನಗಲಿಲ್ಲ. "ಇದ ಕಡೀ ಸಲ ಇರಬಹುದ್ರಿ ಮೇಡಮ್. ಒಂದ ಮನಿಯಿಂದ ಇಷ್ಟು ಕಂಪ್ಲೇಂಟ್ ಬಂದ್ರ ಇವಗ ಕೆಲಸ ಬರಂಗಿಲ್ಲ ಅಂತಾರ. ಇವತ್ತ ಸರಿ ಆಗ್ಲಿಲ್ಲಂದ್ರ ನನ್ನನ್ನ ಗಂಗಾವತಿ ಲೈನಿಗೆ ಹಾಕ್ತಾರ."

ಸರಿಯಾದರೆ ಅವನು ಈ ಮನೆಗೆ ಬರುವುದಿಲ್ಲ. ಆಗದಿದ್ದರೆ ಈ ಊರಿಗೇ ಬರುವುದಿಲ್ಲ, ಅದೂ ಕೆಲಸ ಬಾರದವನೆಂಬ ಹೆಸರು ಹೊತ್ತುಕೊಂಡು. ಅನುಸೂಯಾ ಎದ್ದಳು. ಒಂದು ಕೊಡ ಇಳಿಸಿದಳು. ಇನ್ನೊಂದು. ಮತ್ತೊಂದು. ಅರ್ಧ ಮೀಸೆ ಪೂರ್ತಿ ಮುಖವಾಯಿತು. ಅವಳ ಹಿಂದೆ, ಲ್ಯಾಪ್‌ಟಾಪಿನಲ್ಲಿ ನಿಂತಿದ್ದ ವಿಡಿಯೊ ತಾನಾಗಿ ಓಡತೊಡಗಿತು.

ಅವನು ಈಚೆ ಬಂದು ಕೊಡ ಏರಿಸಿ ಫೋನ್ ನೋಡಿದ, ಇಳಿಸಿ ನೋಡಿದ, ಮತ್ತೆ ಏರಿಸಿದ. "ತುಂಬಿದ ಕೊಡ ತಡೀತಾವ್ರಿ! ಇಷ್ಟ ಏನು ಇದು!" ಎಂದು ಸಣ್ಣ ಹುಡುಗನಂತೆ ಹಿಗ್ಗಿದ. ಆಮೇಲೆ ಮೆಲ್ಲಗೆ ಅವಳತ್ತ ತಿರುಗಿದ.

"ನಿಮಗ ಯಾವಾಗ ಗೊತ್ತಾತ್ರಿ?"

"ಹಸನಬೀ ಮಗನ ಮದುವಿ ಆದ ಮ್ಯಾಲೆ."

"ಅದಾದ ಮ್ಯಾಲೆ ನಾ ಹೊಸಾ ರೌಟರ್ ಹಾಕೀನಿ. ಬಿಸಲಾಗ ಕಂಬ ಹತ್ತೀನಿ."

"ಹೂಂ. ಕಿಡಕ್ಯಾಗಿಂದ ನೋಡೀನಿ."

"ಮತ್ತ ಯಾಕ ಹೇಳಲಿಲ್ಲ?" ಅವನ ದನಿಯಲ್ಲಿ ಸಿಟ್ಟಿತ್ತು.

"ಎಲ್ಲಾದಕ್ಕೂ ಯಾಕ ಅಂತ ಹುಡಕ್ತೀರಲ್ಲ. ಇದನ್ನೂ ಹುಡಕ್ರಿ."

ಅವಳು ಕಣ್ಣು ತಗ್ಗಿಸಲಿಲ್ಲ. ಅವನು ಏರಿಸಿದ್ದ ಕೊಡವನ್ನು ಕೆಳಗಿಳಿಸಿದ. ಸಿಟ್ಟು ಎತ್ತ ಹೋಯಿತೋ, ಕಿವಿ ಕೆಂಪಾದವು.

ಹುಲಗೆಮ್ಮ ಹಾಲು ತಂದಳು. ಕೊಡಗಳು ಅಡುಗೆಮನೆಗೆ ಹೋದವು. ಚಹಾ ಕುಡಿದು, ಬ್ಯಾಗು ಹೆಗಲಿಗೇರಿಸಿ, ಬಾಗಿಲಲ್ಲಿ ಅವನು ದನಿ ತಗ್ಗಿಸಿದ.

"ನೆಟ್ ಛಲೋ ಐತಿ ಅಂತ ಇಲ್ಲೀತನ ಯಾರೂ ನನಗ ಫೋನ್ ಮಾಡಿಲ್ರಿ."

ಸಂಜೆ ಕ್ಲಾಸ್ ಒಂದು ಸಲವೂ ತುಂಡಾಗಲಿಲ್ಲ. ಮುಗಿದೊಡನೆ ಅನುಸೂಯಾ ಫೋನ್ ಮಾಡಿದಳು.

"ಯಾಕ್ರಿ, ಮತ್ತ ಹೋತೇನು?"

"ಇಲ್ರಿ. ಭಾಳ ಛಲೋ ಐತಿ."

ಅತ್ತ ಬೈಕ್ ನಿಂತ ಸದ್ದು.

"ಅನುಸೂಯಾ..." ಮೊದಲ ಸಲ ಅವನು ಮೇಡಮ್ ಅನ್ನಲಿಲ್ಲ. "ಭಾನುವಾರ ನಮ್ಮ ಅವ್ವನ್ನ ಕರಕೊಂಡು ಬರ್ಲೇನು? ಕಂಪ್ಲೇಂಟ್ ಇಲ್ದನ?"

ಅವಳು ಫೋನನ್ನು ಎದೆಗೆ ಒತ್ತಿಕೊಂಡು, ಬರಿದಾದ ಅಡ್ಡಗೋಡೆಯ ಆಚೆಗೆ ಕೂಗಿದಳು:

"ಅವ್ವಾ, ಭಾನುವಾರ ಮನ್ಯಾಗ ಇರ್ತಿಯೇನು?"