ರಿವರ್ಸ್ ಇಲ್ಲದ ಪಿಕಪ್

"ಹಿಂದಕ್ಕೆ ಹೋಗ್ತಿಲ್ಲ ರೀ ಗಾಡಿ!"

ಗ್ಯಾರೇಜಿನ ಮುಂದೆ ರಸ್ತೆಯಲ್ಲೇ ಪಿಕಪ್ ನಿಲ್ಲಿಸಿ ಗಿಡದ ಮೇಡಂ ಕೆಂಡಾಮಂಡಲವಾಗಿ ಇಳಿದಳು. ನರ್ಸರಿಯಿಂದ ಮನೆಮನೆಗೆ ಗಿಡ ಸಾಗಿಸುವವಳಿಗೆ ಮೆಕ್ಯಾನಿಕ್ ತನ್ನಷ್ಟಕ್ಕೆ ಇಟ್ಟುಕೊಂಡಿದ್ದ ಹೆಸರದು. ಅವಳ ಕೆನ್ನೆಗೆ ಮಣ್ಣು ಮೆತ್ತಿತ್ತು. ಒರೆಸಿಕೊಳ್ಳಿ ಅನ್ನೋಣವೆಂದುಕೊಂಡವನು ಅವಳ ಕಣ್ಣು ನೋಡಿ ಬಾನೆಟ್ ಎತ್ತಿದ.

ಎಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಎಣ್ಣೆ ಕೆಂಪಗೆ, ಹೊಚ್ಚಹೊಸದಾಗಿತ್ತು.

"ಪೂರ್ತಿ ಬದಲಾಯಿಸಿಬಿಟ್ರಾ?"

"ಹೂಂ, ಬೇರೆ ಕಡೆ. ಒಂದು ಗಂಟೆ ಕೆಲಸಕ್ಕೆ ಆ ಮೆಕ್ಯಾನಿಕ್ ವಾರವಾರ ನಿನ್ನ ತಿರುಗಿಸ್ತಾನಲ್ಲ, ಅವನ ಉದ್ದೇಶವೇ ಬೇರೆ ಅಂದ್ರು ನಮ್ಮ ಚಿಕ್ಕಪ್ಪ."

ಊರಿಗೆಲ್ಲ ಬುದ್ಧಿ ಹೇಳುವ ಆ ಚಿಕ್ಕಪ್ಪನಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸೂ ಒಂದೇ, ನೀರಿನ ಟ್ಯಾಂಕೂ ಒಂದೇ.

"ಒಳಗಿನ ಕ್ಲಚ್ ಪ್ಲೇಟು ಸವೆದು, ಪುಡಿ ಎಣ್ಣೆಗೆ ಸೇರಿತ್ತು. ಆ ಕೊಳೆಯೇ ಇಷ್ಟು ದಿನ ಹಿಡಿತ ಕೊಡ್ತಿತ್ತು. ಅದಕ್ಕೇ ಒಂದೊಂದೇ ಲೀಟರ್ ಬದಲಾಯಿಸ್ತಿದ್ದೆ. ಈಗ ರಿವರ್ಸ್ ಹೋಯ್ತು. ಮುಂದಕ್ಕೆ ಹೋಗೋ ಗೇರುಗಳು ಇನ್ನೆಷ್ಟು ದಿನವೋ..."

ಅವಳ ಸಿಟ್ಟು ಜರ್ರನೆ ಇಳಿಯಿತು. ಅಪ್ಪ ಬಿಟ್ಟುಹೋದದ್ದು ಈ ಗಾಡಿಯೊಂದನ್ನೇ. ಅವರ ಅಂಗೈ ಉಜ್ಜಿ ನುಣುಪಾದ ಸ್ಟೀರಿಂಗನ್ನು ಅವಳು ಇನ್ನೂ ಬದಲಾಯಿಸಿರಲಿಲ್ಲ.

"ನಿಮ್ಮನ್ನ ಅನುಮಾನಿಸಿ ನಾನೇ ಕೈಯಾರೆ ಹಾಳು ಮಾಡ್ಕೊಂಡೆ."

ಅಲ್ಲಿಗೇ ಬಿಟ್ಟಿದ್ದರೆ ಅವನು ದೇವರಂಥ ಮನುಷ್ಯ ಎನಿಸಿಕೊಳ್ಳುತ್ತಿದ್ದ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಅವನು.

"ಅನುಮಾನ ಪೂರ್ತಿ ಸುಳ್ಳಲ್ಲ ಮೇಡಂ. ಒಂದೊಂದೇ ಲೀಟರ್ ಅಂದಿದ್ದು ಗಾಡಿಗೋಸ್ಕರ. ಆದ್ರೆ ತಿಂಗಳಿಗೊಮ್ಮೆ ಸಾಕಿತ್ತು. ವಾರವಾರ ಬನ್ನಿ ಅಂದಿದ್ದು ನನಗೋಸ್ಕರ. ನಿಮ್ಮನ್ನ ನೋಡ್ಬೇಕು ಅನಿಸ್ತಿತ್ತು."

ಅವಳು ಗಾಡಿ ಹತ್ತಿ ಕೂತಳು.

"ಬಾಯಿಬಿಟ್ಟು ಹೇಳಿದ್ರೆ ಮುತ್ತು ಉದುರ್ತಿತ್ತಾ? ತಿಂಗಳಿಗೊಮ್ಮೆ ಅಂದಿದ್ರೆ ನಾನ್ಯಾಕೆ ಬೇರೆ ಕಡೆ ಹೋಗ್ತಿದ್ದೆ?"

ಬಾಗಿಲು ದಢಾರನೆ ಹಾಕಿಕೊಂಡು ಹೊರಟುಹೋದಳು.

ಮೂರು ವಾರ ಅವಳ ಸುಳಿವಿಲ್ಲ. ಪಕ್ಕದ ಟೈರ್ ಅಂಗಡಿಯವನು ದಿನಕ್ಕೊಂದು ಸುದ್ದಿ ತರುತ್ತಿದ್ದ. ಗಾಡಿ ತಿರುಗಿಸಿಕೊಳ್ಳಲು ಇಡೀ ಮೈದಾನ ಸುತ್ತಿ ಬರುತ್ತಾಳಂತೆ. ಗುಜರಿಯವನು ಗಾಡಿ ನೋಡಿಕೊಂಡು ಹೋದನಂತೆ. ಅದನ್ನು ಕೇಳಿದ ದಿನ ಮೆಕ್ಯಾನಿಕ್‌ಗೆ ಊಟ ಸೇರಲಿಲ್ಲ. ಹನ್ನೆರಡರ ಬೋಲ್ಟಿಗೆ ಹದಿನಾಲ್ಕರ ಸ್ಪ್ಯಾನರ್ ಹಾಕಿ ಬೆರಳು ಜಜ್ಜಿಕೊಂಡ.

ನಾಲ್ಕನೇ ವಾರ, ಒಂದು ಮಧ್ಯಾಹ್ನ, ಗೊತ್ತಿದ್ದ ಸದ್ದು ಕೇಳಿಸಿತು. ಅವನ ಶೆಡ್ಡಿಗೆ ಇರುವುದು ಒಂದೇ ಬಾಗಿಲು, ಉಳಿದ ಮೂರು ಕಡೆ ಗೋಡೆ. ಪಿಕಪ್ ರಸ್ತೆಯಲ್ಲಿ ನಿಲ್ಲಲಿಲ್ಲ. ಸೀದಾ ಒಳಗೆ ನುಗ್ಗಿ, ಹಿಂದಿನ ಗೋಡೆಗೆ ಗೇಣು ದೂರದಲ್ಲಿ ನಿಂತಿತು.

"ಅಯ್ಯೋ, ಇದೇನ್ ಮಾಡಿದ್ರಿ! ರಿವರ್ಸ್ ಇಲ್ಲ, ಹೊರಗೆ ಹೇಗೆ ಹೋಗ್ತೀರಿ?"

"ಗೊತ್ತಿದ್ದೇ ತಂದಿದ್ದೀನಿ." ಅವಳು ಎಂಜಿನ್ ಆಫ್ ಮಾಡಿದಳು. ಕಣ್ಣಲ್ಲಿ ಸಿಟ್ಟು ಇನ್ನೂ ಅರ್ಧ ಉಳಿದಿತ್ತು. "ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಸರಿ ಮಾಡೋಕೆ ಎಷ್ಟು ದಿನ? ಈ ಸಲ ನಿಜ ಹೇಳ್ಬೇಕು."

ಒಂದು ತಿಂಗಳು ಅನ್ನಲು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ.

"ನಾಲ್ಕು ದಿನ."

ಅವಳು ಕೀಲಿಯನ್ನು ಅವನ ಜಜ್ಜಿದ ಬೆರಳಿಗೆ ತಾಗದಂತೆ ಅಂಗೈಯಲ್ಲಿಟ್ಟಳು.

"ನಾಲ್ಕೇ ದಿನದಲ್ಲಿ ಮುಗಿಸಿ. ಐದನೇ ದಿನದಿಂದ ಗಾಡಿ ಕೆಡದೇ ಇದ್ರೂ ಬರ್ತೀನಿ."