ಶುಕ್ರವಾರದ ಘರ್ಷಣೆ ಅಂಕಿ

ಸೋಮವಾರ ಬೆಳಿಗ್ಗೆ 9.20ಕ್ಕೆ ವಿಮಾನ ನಿಲ್ದಾಣದ ಠಾಣೆಗೆ ಬಂದ ಹೆಂಗಸು ದೂರನ್ನು ಬರೆದುಕೊಂಡೇ ತಂದಿದ್ದಳು. ಹಿಂದಿನ ದಿನ ಮಳೆಯಲ್ಲಿ ಇಳಿದ ವಿಮಾನ ನಿಲ್ಲದೆ ರನ್‌ವೇ ದಾಟಿ, ತುದಿಯ ಚರಂಡಿಯ ಹೂಳು ತೆಗೆಯುತ್ತಿದ್ದ ಅವಳ ಗಂಡನ ಮೇಲೆ ಹರಿದಿತ್ತು.

"ಎಲ್ಲರೂ ಮಳೆ, ಮಳೆ ಅಂತಾರೆ ಸಾರ್. ಮಳೆ ಮೇಲೆ ಕೇಸ್ ಹಾಕೋಕಾಗುತ್ತಾ?"

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು: ನಿರ್ಲಕ್ಷ್ಯದಿಂದ ಸಾವು, ಆರೋಪಿ ಗೊತ್ತಿಲ್ಲ.

11.45ಕ್ಕೆ ಸ್ಥಳ ಪಂಚನಾಮೆ. ವಿಮಾನಗಳು ನೆಲ ಮುಟ್ಟುವ ಕಡೆ ಕಾಂಕ್ರೀಟೇ ಕಾಣುತ್ತಿರಲಿಲ್ಲ. ಚಕ್ರಗಳಿಂದ ಕರಗಿ ಮೆತ್ತಿಕೊಂಡ ರಬ್ಬರು, ಮಳೆನೀರು ಹರಿಯಲೆಂದು ಕೊರೆದ ಗೀರುಗಳನ್ನೆಲ್ಲ ತುಂಬಿ ಕಪ್ಪಗೆ ಹೊಳೆಯುತ್ತಿತ್ತು. ಮಹಿಳಾ ಹೆಡ್ ಕಾನ್‌ಸ್ಟೆಬಲ್ ಬಾಟಲಿ ನೀರು ಸುರಿದು ಬೂಟು ಉಜ್ಜಿದರು. ಬೆಣ್ಣೆಯ ಮೇಲಿಟ್ಟಂತೆ ಕಾಲು ಜಾರಿತು.

"ಇದಕ್ಕಿಂತ ಬಚ್ಚಲೇ ವಾಸಿ ಸಾರ್."

ಆದರೆ ನಿಲ್ದಾಣದ ಕಡತದಲ್ಲಿ ಶುಕ್ರವಾರದ ಘರ್ಷಣೆ ಅಂಕಿ 0.61 ಎಂದಿತ್ತು. ಅಂದರೆ ಚಕ್ರಕ್ಕೆ ಒಳ್ಳೆಯ ಹಿಡಿತ. ಕೆಳಗೆ ತಂತ್ರಜ್ಞನ ಸಹಿ. ಪರೀಕ್ಷಾ ವಾಹನ ರನ್‌ವೇಗೆ ನೀರು ಬಿಟ್ಟು, ಒದ್ದೆ ನೆಲದ ಮೇಲೆ ಚಕ್ರವೊಂದನ್ನು ಎಳೆದು ಹಿಡಿತ ಅಳೆಯುತ್ತದೆ. ಮಂಗಳವಾರ ಹೆಡ್ ಕಾನ್‌ಸ್ಟೆಬಲ್ ಗ್ಯಾರೇಜಿನ ಚೀಟಿ ತಂದರು. ಆ ವಾಹನದ ನೀರಿನ ಪಂಪನ್ನು ರಿಪೇರಿಗೆಂದು ಗುರುವಾರ ಬಿಚ್ಚಿ, ಶನಿವಾರ ಕೂರಿಸಿದ್ದರು.

2.30ಕ್ಕೆ ತಂತ್ರಜ್ಞನನ್ನು ಕರೆಸಿದರು. ಐವತ್ತು ದಾಟಿದ ಮನುಷ್ಯ. ಉಗುರಿನ ಸಂದಿಯಲ್ಲಿ ಕಪ್ಪು.

"ಶುಕ್ರವಾರ ಗಾಡಿ ಓಡಿತ್ತಾ?"

"ಇಲ್ಲ."

"0.61 ಎಲ್ಲಿಂದ ಬಂತು?"

"ಹಿಂದಿನ ತಿಂಗಳದ್ದನ್ನೇ ಬರೆದೆ."

"ಅದನ್ನಾದ್ರೂ ಅಳೆದಿದ್ರಾ?"

"ಅದೂ ಇಲ್ಲ."

"ಯಾಕೆ?"

"ಎರಡು ವರ್ಷದ ಹಿಂದೆ ಇದ್ದದ್ದು ಇದ್ದ ಹಾಗೆ 0.34 ಅಂತ ಬರೆದೆ. ರಬ್ಬರ್ ಕೀಳೋಕೆ ರನ್‌ವೇ ಮುಚ್ಚಬೇಕಾಗುತ್ತೆ ಅಂತ ಮೇಲಧಿಕಾರಿ ಹಾಳೆ ಹರಿದು ಹಾಕಿದ್ರು. ಮತ್ತೆ ಅದನ್ನೇ ಬರೆದೆ. ನನ್ನನ್ನ ಎಂಟು ತಿಂಗಳು ಗೋಡೌನ್ ಕೆಲಸಕ್ಕೆ ಹಾಕಿದ್ರು. ವಾಪಸ್ ಬಂದ್ಮೇಲೆ ಅವರಿಗೆ ಬೇಕಾದ್ದೇ ಬರೆದೆ. ಆಮೇಲೆ ಯಾರೂ ಏನೂ ಕೇಳ್ಲಿಲ್ಲ."

"ಹರಿದಿದ್ದಕ್ಕೆ ಸಾಕ್ಷಿ?"

"ಇದ್ದದ್ದು ನಾವಿಬ್ಬರೇ ಸಾರ್."

ಮೇಲಧಿಕಾರಿಯ ಹೇಳಿಕೆ ಎರಡೇ ಸಾಲು: ಅಂಥ ಹಾಳೆ ನೋಡಿಲ್ಲ, ತಂತ್ರಜ್ಞನ ಸಹಿಯನ್ನು ನಂಬಿದ್ದೆ.

5.10ಕ್ಕೆ ತಂತ್ರಜ್ಞನ ಬಂಧನವಾಯಿತು. ಮನೆಗೆ ತಿಳಿಸಲು ಹೆಂಡತಿಯ ನಂಬರ್ ಕೊಟ್ಟ. "ಸತ್ತೋರಿಗೆ ಮಕ್ಕಳಿದ್ರಾ?" ಎಂದು ಕೇಳಿದ. ಹೆಡ್ ಕಾನ್‌ಸ್ಟೆಬಲ್ ಇಬ್ಬರು ಎಂದರು.

ಕೇಸ್ ಡೈರಿಯಲ್ಲಿ ಕೃತ್ಯಕ್ಕೆ ಕಾರಣ ಎಂಬ ಕಡೆ ಇನ್ಸ್‌ಪೆಕ್ಟರ್ 'ಭಯ' ಎಂದು ಬರೆದರು. ಯಾರ ಭಯ ಎಂದು ಬರೆಯಲು ಅವರ ಬಳಿ ಆಧಾರವಿರಲಿಲ್ಲ.

ಬುಧವಾರ ಮೇಲಧಿಕಾರಿಯ ಆದೇಶದಂತೆ ರನ್‌ವೇ ಮುಚ್ಚಿ ರಬ್ಬರು ಕಿತ್ತರು. ಕೆಲಸಕ್ಕೆ ಹಿಡಿದದ್ದು ಆರು ಗಂಟೆ.